ಊಹಾಕಥನದಲ್ಲಿ ಲೋಕಾನುಭವದ ಸ್ಥಾನ: ಕಾರ್ಕಳ–ಉಡುಪಿ ಪ್ರದೇಶದ ಕೆಲವು ನಿದರ್ಶನಗಳು

ಲೋಕದಲ್ಲಿ ನಡೆಯಲಾರದುದನ್ನು, ಅಥವಾ ಇನ್ನೂ ನಡೆಯದಿರುವುದನ್ನು, ನಡೆದಂತೆಯೇ ಹೇಳುವ ಕಥೆಗಳನ್ನು ಇಲ್ಲಿ ನಾವು ಊಹಾಕಥನವೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಅದ್ಭುತಕಥೆ, ವೈಜ್ಞಾನಿಕ ಕಥೆ, ಭವಿಷ್ಯದ ಕಥೆ ಮೊದಲಾದುವೆಲ್ಲ ಇದರ ಪ್ರಭೇದಗಳು. ಇಂತಹ ಕಥೆಯನ್ನು ಬರೆಯಹೊರಟವನಿಗೆ ಲೋಕಾನುಭವದ ಹಂಗು ಅಷ್ಟಾಗಿ ಇಲ್ಲವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಉಂಟು. ಸಾಮಾಜಿಕ ಕಾದಂಬರಿಕಾರನು ಕಂಡುದನ್ನು ಬರೆಯಬೇಕು, ಊಹಾಕಥೆಗಾರನಿಗೆ ಕಾಣದುದನ್ನು ಕಲ್ಪಿಸಿದರೆ ಸಾಕು ಎಂಬುದು ಅವರ ತರ್ಕ. ಇದಕ್ಕೆ ಪ್ರತಿಯಾಗಿ, ಊರಿನ ಕೋಲ, ಜಾತ್ರೆ, ದೈವ, ವೇಷಗಳನ್ನು ಕಥೆಯೊಳಕ್ಕೆ ತಂದುಬಿಟ್ಟರೆ ಅದು ತಾನಾಗಿಯೇ ನೆಲದ ಕಥೆಯಾಗುವುದೆಂಬ ಇನ್ನೊಂದು ಭಾವನೆಯೂ ಈಚೆಗೆ ಬಲವಾಗಿದೆ. ಈ ಎರಡೂ ಸಾಲದೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಊಹಾಕಥನವು ಲೋಕದಿಂದ ಮೊದಲು ಪಡೆಯಬೇಕಾದುದು ಒಂದು ಪ್ರಶ್ನೆಯನ್ನು. ಲೋಕವು ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನು. ಆ ಪ್ರಶ್ನೆ ದೊರೆತ ಮೇಲೆ ವೇಷ, ಭಾಷೆ, ಆಚಾರಗಳೆಲ್ಲ ತಮ್ಮ ತಮ್ಮ ಸ್ಥಾನಕ್ಕೆ ಬಂದು ಕೂಡಿಕೊಳ್ಳುತ್ತವೆ. ಅದು ದೊರೆಯದಿದ್ದರೆ ಅವೆಲ್ಲವೂ ಬರಿಯ ಅಲಂಕಾರವಾಗಿ ಉಳಿಯುತ್ತವೆ.

ನಮ್ಮ ಆಲಂಕಾರಿಕರಿಗೆ ಈ ಸಮಸ್ಯೆ ಅಪರಿಚಿತವಾದುದಲ್ಲ. ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಭಾವವೆಂದು ಭರತನು ಹೇಳಿದನಷ್ಟೆ. ಆದರೆ ಎಲ್ಲ ಅಸಂಭವವೂ ವಿಸ್ಮಯವನ್ನು ಹುಟ್ಟಿಸುವುದಿಲ್ಲ. ಕೆಲವು ಅಸಂಭವಗಳು ನಗೆಯನ್ನೋ ಬೇಸರವನ್ನೋ ಹುಟ್ಟಿಸುತ್ತವೆ. ಅಭಿನವಗುಪ್ತನು ರಸಾಸ್ವಾದಕ್ಕೆ ಒದಗುವ ಏಳು ವಿಘ್ನಗಳನ್ನು ಎಣಿಸುವಾಗ ಸಂಭಾವನಾವಿರಹವನ್ನು, ಎಂದರೆ ಹೇಳುತ್ತಿರುವ ಸಂಗತಿ ನಡೆದೀತೆಂದು ಸಹೃದಯನ ಮನಸ್ಸು ಒಪ್ಪದಿರುವುದನ್ನು, ಮೊದಲನೆಯದಾಗಿ ಇಟ್ಟಿರುವುದು ಗಮನಾರ್ಹ. ಅದಕ್ಕೆ ಆತನು ಸೂಚಿಸುವ ಪರಿಹಾರಗಳು ಎರಡು. ವಸ್ತು ಲೋಕಸಾಮಾನ್ಯವಾದುದಾದರೆ ಹೃದಯಸಂವಾದವು ಸಹಜವಾಗಿಯೇ ಒದಗುತ್ತದೆ. ಲೋಕವನ್ನು ಮೀರಿದ ಕಾರ್ಯವನ್ನು ಹೇಳಬೇಕಾದಾಗ ರಾಮಾದಿಗಳಂತಹ ಪ್ರಖ್ಯಾತರ ಹೆಸರನ್ನು ಆಶ್ರಯಿಸಬೇಕು. ಬಹುಕಾಲದಿಂದ ಬೇರೂರಿದ ಆ ಪ್ರಖ್ಯಾತಿಯೇ ನಂಬಿಕೆಯನ್ನು ಹೊತ್ತು ತರುತ್ತದೆ. ಇಂದಿನ ಊಹಾಕಥೆಗಾರನಿಗೆ ಈ ಎರಡನೆಯ ಆಶ್ರಯವು ಇಲ್ಲ. ಆತನ ನಾಯಕನನ್ನು ಯಾರೂ ಮೊದಲು ಕೇಳಿರುವುದಿಲ್ಲ. ಆದುದರಿಂದ ಲೋಕವನ್ನು ಮೀರುವುದಕ್ಕೂ ಆತನು ಲೋಕಸಾಮಾನ್ಯದಿಂದಲೇ ಬಲವನ್ನು ಪಡೆಯಬೇಕಾಗುತ್ತದೆ. ಈ ಬಲವನ್ನು ಪಡೆಯುವ ಬಗೆ ಯಾವುದೆಂಬುದನ್ನು ನೋಡಲು ಕಾರ್ಕಳ, ಉಡುಪಿ, ಕಾಪುಗಳ ಸುತ್ತಣ ಪ್ರದೇಶವು ಒಳ್ಳೆಯ ಕ್ಷೇತ್ರವಾಗಿದೆ.

ಮೊದಲನೆಯ ನಿದರ್ಶನವಾಗಿ ಕಲ್ಕುಡನ ಪಾಡ್ದನವನ್ನು ತೆಗೆದುಕೊಳ್ಳಬಹುದು. ಕಾರ್ಕಳದ ಗೊಮ್ಮಟಮೂರ್ತಿ ಸುಮಾರು ೪೨ ಅಡಿ ಎತ್ತರವಾದುದು. ೧೪೩೨ರಲ್ಲಿ ಭೈರರಸ ವೀರಪಾಂಡ್ಯನು ಅದನ್ನು ಪ್ರತಿಷ್ಠಾಪಿಸಿದನು. ಇದು ಚರಿತ್ರೆ. ಪಾಡ್ದನವು ಹೇಳುವುದು ಬೇರೆ. ಕಲ್ಲುಕುಟಿಗನಾದ ಬೀರ ಕಲ್ಕುಡನು ಈ ಮೂರ್ತಿಯನ್ನು ಮುಗಿಸಿದನು. ಇಂತಹುದು ಮತ್ತೊಂದು ಎಲ್ಲಿಯೂ ಆಗಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಉಳಿದ ಒಂದು ಕೈ ಒಂದು ಕಾಲಿನಿಂದಲೇ ಅವನು ವೇಣೂರಿಗೆ ಹೋಗಿ ಅಲ್ಲಿಯೂ ಗೊಮ್ಮಟನನ್ನು ಕಡೆದನು. ತಂಗಿ ಕಲ್ಲುರ್ಟಿಯು ಅಣ್ಣನಿಗಾದ ಅನ್ಯಾಯಕ್ಕೆ ಮುಯ್ಯಿ ತೀರಿಸಿದಳು. ಇಬ್ಬರೂ ದೈವಗಳಾಗಿ ನೆಲೆಸಿದರು. ಪಾಠಗಳಲ್ಲಿ ಭೇದಗಳುಂಟು, ಆದರೆ ಕಥೆಯ ಬೆನ್ನೆಲುಬು ಇದೇ.

ವೇಣೂರಿನ ಮೂರ್ತಿ ಪ್ರತಿಷ್ಠೆಯಾದುದು ೧೬೦೪ರಲ್ಲಿ, ತಿಮ್ಮಣ್ಣ ಅಜಿಲನ ಕಾಲದಲ್ಲಿ. ಎಂದರೆ ಕಾರ್ಕಳಕ್ಕೂ ವೇಣೂರಿಗೂ ನಡುವೆ ೧೭೨ ವರ್ಷಗಳ ಅಂತರವಿದೆ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರುವುದು ಅಸಾಧ್ಯ. ಚರಿತ್ರಕಾರನು ಇದನ್ನು ದೋಷವೆನ್ನುವನು. ಅರಸನು ಕೈಕಾಲುಗಳನ್ನು ಕಡಿಸಿದನೆಂಬುದನ್ನೂ ಚರಿತ್ರೆಯೆಂದು ಗ್ರಹಿಸಲಾಗದು. ಆದರೆ ಕಾವ್ಯವಿಮರ್ಶಕನು ಕೇಳಬೇಕಾದ ಪ್ರಶ್ನೆ ಬೇರೆ: ಈ ೧೭೨ ವರ್ಷಗಳನ್ನು ಒಂದು ಆಯುಸ್ಸಿನೊಳಗೆ ಮಡಿಸಿದ ಕಲ್ಪನೆಗೆ ಏನು ಬೇಕಾಗಿದ್ದಿತು? ಎರಡು ಊರುಗಳಲ್ಲಿ ಎರಡು ಮೂರ್ತಿಗಳು ನಿಂತಿವೆ. ಅವುಗಳನ್ನು ನಿಲ್ಲಿಸಿದವರ ಹೆಸರು ಶಾಸನದಲ್ಲಿ ಉಳಿಯಿತು. ಕಡೆದವನಿಗೆ ಏನು ದೊರೆಯಿತು? ಲೋಕವು ಉತ್ತರಿಸದ ಪ್ರಶ್ನೆ ಇದು. ಪಾಡ್ದನದ ಅದ್ಭುತವೆಲ್ಲ ಈ ಪ್ರಶ್ನೆಯಿಂದ ಹೊರಟುದು. ಕೈ ಕಡಿಯಲ್ಪಟ್ಟ ಮೇಲೆಯೂ ಕೆಲಸವು ನಿಲ್ಲಲಿಲ್ಲವೆಂದು ತೋರಿಸಲು ಅದಕ್ಕೆ ಎರಡನೆಯ ಮೂರ್ತಿ ಬೇಕಾಯಿತು. ಅದು ವೇಣೂರಿನಲ್ಲಿ ಸಿದ್ಧವಾಗಿಯೇ ಇದ್ದಿತು. ಕಾಲವನ್ನು ಮುರಿದುದು ಅಜ್ಞಾನದಿಂದಲೇ ಇರಬಹುದು, ಆದರೆ ಮುರಿದ ಕಡೆ ಮಾತ್ರ ಸರಿಯಾದುದಾಗಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕಲ್ಲುರ್ಟಿಯ ಮುಯ್ಯಿ ಎಷ್ಟು ಉಗ್ರವಾದುದಾದರೂ ಅದು ಕಲ್ಕುಡನ ಕೈಯನ್ನು ಮರಳಿ ತರುವುದಿಲ್ಲ. ಕಥೆಯನ್ನು ಹಾಡಿದವರಿಗೆ ಕೈಯನ್ನು ಚಿಗುರಿಸುವುದು ಕಷ್ಟವಾಗಿರಲಿಲ್ಲ. ದೈವತ್ವವನ್ನೇ ಕೊಟ್ಟವರು ಕೈಯನ್ನು ಕೊಡಲಾರದೆ ಹೋದರೇ? ಅವರು ಕೊಡಲಿಲ್ಲ, ಏಕೆಂದರೆ ಕೊಟ್ಟಿದ್ದರೆ ಪ್ರಶ್ನೆಯೇ ಅಳಿಸಿಹೋಗುತ್ತಿದ್ದಿತು. ಅದ್ಭುತವು ಅನ್ಯಾಯವನ್ನು ಎತ್ತಿ ತೋರಿಸಬಹುದು, ನೆನಪಿನಲ್ಲಿ ಸ್ಥಿರಗೊಳಿಸಬಹುದು; ಅದನ್ನು ಆಗದಂತೆ ಮಾಡಿಬಿಡಬಾರದು. ಮುಂದೆ ಕೆಲವು ಕೃತಿಗಳನ್ನು ಅಳೆಯುವಾಗ ಈ ಮಾತನ್ನು ನಾವು ಒರೆಗಲ್ಲಾಗಿ ಇಟ್ಟುಕೊಳ್ಳುತ್ತೇವೆ.

ಕಾರ್ಕಳದ ಸಮೀಪದ ನಂದಳಿಕೆಯು ಎರಡನೆಯ ನಿದರ್ಶನವನ್ನು ಒದಗಿಸುತ್ತದೆ. ಮುದ್ದಣನೆಂದು ಹೆಸರಾದ ನಂದಳಿಕೆ ಲಕ್ಷ್ಮೀನಾರಣಪ್ಪನು (೧೮೭೦–೧೯೦೧) ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದವನು. ಆತನು ಆರಿಸಿಕೊಂಡ ವಸ್ತುಗಳು ಲೋಕವನ್ನು ಬಹುದೂರ ಮೀರಿದವು. ಅದ್ಭುತ ರಾಮಾಯಣದ ಪರಂಪರೆಯಲ್ಲಿ ಸಹಸ್ರಮುಖ ರಾವಣನನ್ನು ಕೊಲ್ಲುವವಳು ಸೀತೆಯೇ ಹೊರತು ರಾಮನಲ್ಲ. ಅಭಿನವಗುಪ್ತನು ಹೇಳಿದ ಪ್ರಖ್ಯಾತಿಯ ಆಶ್ರಯವು ಮುದ್ದಣನಿಗೆ ಇದ್ದೇ ಇದ್ದಿತು. ತನ್ನ ಹೆಸರನ್ನು ಮರೆಯಿಸಿ ಹಳೆಯ ಕಾಲದ ಕೃತಿಗಳೆಂಬಂತೆ ಅವನ್ನು ಪ್ರಕಟಣೆಗೆ ಕಳುಹಿಸಿದುದರಿಂದ ಪ್ರಾಚೀನತೆಯ ಆಶ್ರಯವೂ ಸೇರಿತು. ಇಷ್ಟಿದ್ದರೂ ಶ್ರೀರಾಮಾಶ್ವಮೇಧವನ್ನು ಬರೆಯುವಾಗ ಆತನಿಗೆ ಅವು ಸಾಲದಾದವು. ಕಥೆಯ ಮಗ್ಗುಲಲ್ಲಿ ಮನೋರಮೆಯನ್ನು ಕೂರಿಸಿದನು. ಮಳೆಗಾಲದ ಮನೆ, ಹೊರಗಿನಿಂದ ಬಂದ ಗಂಡ, ಕಥೆಯನ್ನು ಬೇಡುವ ಹೆಂಡತಿ. ಆಕೆ ಸುಮ್ಮನೆ ಕೇಳುವವಳಲ್ಲ. ತಡೆಯುತ್ತಾಳೆ, ಕೆಣಕುತ್ತಾಳೆ, ಅರ್ಥವಾಗದ ಸಂಸ್ಕೃತವನ್ನು ಹೇರಬೇಡವೆನ್ನುತ್ತಾಳೆ, ಪದ್ಯವನ್ನು ಬಿಟ್ಟು ಗದ್ಯದಲ್ಲಿ ಹೇಳಿಸಿಕೊಳ್ಳುತ್ತಾಳೆ.

ಮುದ್ದಣ ಮನೋರಮೆಯರ ಸಲ್ಲಾಪವನ್ನು ವಿನೋದವೆಂದು ಮಾತ್ರ ಓದುವ ವಾಡಿಕೆ ನಮ್ಮ ತರಗತಿಗಳಲ್ಲಿ ಉಂಟು. ಪ್ರಕೃತ ವಿಚಾರಕ್ಕೆ ಅದರ ಮಹತ್ತ್ವ ಬೇರೆ. ನಂಬಲಾರದುದನ್ನು ಹೇಳುವವನಿಗೆ ಎದುರಿಗೆ ನಂಬದವರೊಬ್ಬರು ಇರಬೇಕು. ಮನೋರಮೆಯ ಸಂದೇಹವು ಓದುಗನ ಸಂದೇಹವನ್ನು ಮೊದಲೇ ಆಡಿ ತೀರಿಸುತ್ತದೆ. ಆಕೆಯ ಮನೆಮಾತು ಕಥೆಯ ಉನ್ನತ ಶೈಲಿಯನ್ನು ಹದಕ್ಕೆ ತರುತ್ತದೆ. ಇಲ್ಲಿ ಲೋಕಾನುಭವವು ಕಥೆಯ ವಸ್ತುವಾಗಿ ಬಂದಿಲ್ಲ. ಕಥೆಯನ್ನು ಪರೀಕ್ಷಿಸುವ ಕಿವಿಯಾಗಿ ಬಂದಿದೆ. ಊಹಾಕಥೆಯನ್ನು ಬರೆಯುವ ತರುಣರು ತಮ್ಮ ಮನೆಯ ಮನೋರಮೆಗೆ, ಎಂದರೆ ಆ ಕಥೆಯಲ್ಲಿ ಯಾವ ಪೂರ್ವಪ್ರೀತಿಯೂ ಇಲ್ಲದ ಒಬ್ಬ ಜಾಣ ಕೇಳುಗರಿಗೆ, ಅದನ್ನು ಮೊದಲು ಹೇಳಿ ನೋಡುವುದು ಲೇಸು.

ಮೂರನೆಯ ಮತ್ತು ಮುಖ್ಯವಾದ ನಿದರ್ಶನ ಕೋಟ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (೧೯೬೮). ೧೯೭೭ರಲ್ಲಿ ಕಾರಂತರಿಗೆ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತ್ತ ಈ ಕಾದಂಬರಿಯನ್ನು ಊಹಾಕಥನವೆಂದು ಕರೆಯುವ ರೂಢಿ ಇಲ್ಲ. ಆದರೆ ಅದರ ಚೌಕಟ್ಟು ಅದೇ. ಮೂಡೂರಿನ ಮುದುಕಿ, ಬಾಲ್ಯದಲ್ಲಿಯೇ ವಿಧವೆಯಾದ ಮೂಕಜ್ಜಿ, ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದಕ್ಕೆ ಸಂಬಂಧಿಸಿದ ಗತಕಾಲವನ್ನು ಕಾಣುತ್ತಾಳೆ. ಮೊಮ್ಮಗ ಸುಬ್ಬರಾಯನು ತನಗೆ ದೊರೆತ ಹಳೆಯ ವಸ್ತುಗಳನ್ನು ಆಕೆಯ ಕೈಗೆ ಕೊಡುತ್ತಾನೆ. ಆಕೆ ಕಂಡುದನ್ನು ಹೇಳುತ್ತಾಳೆ. ಕಾದಂಬರಿಯಲ್ಲಿ ಅಸಂಭವವೆಂಬುದು ಇದೊಂದೇ. ಉಳಿದುದೆಲ್ಲ, ಮನೆಯ ಕಲಾಪ, ನೆರೆಹೊರೆಯವರ ಜಗಳ, ಗಂಡಸರಿಂದ ನೊಂದ ನಾಗಿಯ ಬಾಳು, ಎಲ್ಲವೂ ಲೇಖಕರು ಚೆನ್ನಾಗಿ ಬಲ್ಲ ಜೀವನದಿಂದ ಬಂದುದು. ಅಸಂಭವವನ್ನು ಒಂದಕ್ಕೆ ಸೀಮಿತಗೊಳಿಸಿ ಸಂಭವವನ್ನು ನೂರಾಗಿ ಹರಡಿದುದೇ ಇಲ್ಲಿನ ನಂಬಿಕೆಯ ಗುಟ್ಟು.

ಇಷ್ಟನ್ನು ಹಲವರು ಒಪ್ಪಿಯಾರು. ನಾವು ಮುಂದೊತ್ತಿ ಹೇಳಬೇಕಾದುದು ಆ ಒಂದು ಅಸಂಭವದ ಆಯ್ಕೆಯ ವಿಷಯ. ಕಾರಂತರು ಗತಕಾಲವನ್ನು ತೋರಿಸಲು ಯಂತ್ರವನ್ನೋ ಋಷಿಯನ್ನೋ ಕಲ್ಪಿಸಬಹುದಾಗಿತ್ತು. ಅವರು ಆರಿಸಿದುದು ವಿಧವೆಯ ಸ್ಪರ್ಶವನ್ನು. ಮಡಿಮೈಲಿಗೆಗಳಿಂದ ನಿಯಂತ್ರಿತವಾದ ಒಂದು ಸಮಾಜದಲ್ಲಿ ಯಾರು ಯಾರನ್ನು, ಯಾವುದನ್ನು, ಯಾವಾಗ ಮುಟ್ಟಬಹುದೆಂಬುದೇ ಬಾಳಿನ ಅರ್ಧ ಶಾಸ್ತ್ರ. ಮಂಗಳಕಾರ್ಯಗಳಲ್ಲಿ ವಿಧವೆಯ ಕೈ ಹಿಂದೆ ಸರಿಯಬೇಕಾದ ಕೈ. ಅಂತಹ ಕೈಗೆ ಮನುಷ್ಯಕುಲದ ದೇವರುಗಳ, ದೇಹಗಳ, ಕಾಮದ, ಭಯದ ಇತಿಹಾಸವೆಲ್ಲ ತೆರೆದುಕೊಳ್ಳುತ್ತದೆ. ಬಾಳನ್ನು ಅನುಭವಿಸಲು ಯಾರಿಗೆ ಎಡೆಯಿರಲಿಲ್ಲವೋ ಅವಳೇ ಬಾಳಿನ ಸಾಕ್ಷಿಯಾಗುತ್ತಾಳೆ. ಲೋಕವು ಉತ್ತರಿಸದೆ ಬಿಟ್ಟ ಪ್ರಶ್ನೆ, ಹೊರಗಿರಿಸಲ್ಪಟ್ಟವಳು ಒಳಗಿನವರನ್ನು ಹೇಗೆ ಕಾಣುತ್ತಾಳೆಂಬುದು, ಅದ್ಭುತದ ಮೂಲಕ ಮಾತನ್ನು ಪಡೆಯಿತು. ಕಲ್ಕುಡನ ಕೈಯಂತೆ ಇಲ್ಲಿಯೂ ನಷ್ಟವನ್ನು ಅದ್ಭುತವು ತುಂಬಿಕೊಡುವುದಿಲ್ಲ. ಅಜ್ಜಿಗೆ ಕಳೆದುಹೋದ ಯೌವನ ಮರಳುವುದಿಲ್ಲ.

ಕಾದಂಬರಿಯ ಕೊರತೆಯನ್ನೂ ಇದೇ ದೃಷ್ಟಿಯಿಂದ ಗುರುತಿಸಬೇಕು. ಅಜ್ಜಿಯು ವಸ್ತುವನ್ನು ಹಿಡಿದು ಕಾಣುವ ಪ್ರಕರಣಗಳು ಸಜೀವವಾಗಿವೆ. ಆದರೆ ಕೆಲವೆಡೆಗಳಲ್ಲಿ ಅವಳು ಕಂಡುದನ್ನು ಹೇಳುವುದನ್ನು ಬಿಟ್ಟು ಕಂಡುದರ ತಾತ್ಪರ್ಯವನ್ನು ಬೋಧಿಸತೊಡಗುತ್ತಾಳೆ; ಧರ್ಮಗಳ ಉಗಮದ ಬಗೆಗೆ ಕಾರಂತರು ಓದಿ ಆಲೋಚಿಸಿದ ವಿಚಾರಗಳು ಅಜ್ಜಿಯ ಬಾಯಿಂದ ಬರುತ್ತವೆ. ಆ ವಿಚಾರಗಳನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಅಲ್ಲಿ ಮುದುಕಿಯ ಕೈಯ ಬದಲು ಲೇಖಕರ ಗ್ರಂಥಭಂಡಾರವು ಕೆಲಸ ಮಾಡುತ್ತಿದೆಯೆಂದು ಓದುಗನಿಗೆ ತಿಳಿದುಬಿಡುತ್ತದೆ, ಮತ್ತು ಆ ಕ್ಷಣಕ್ಕೆ ಸಂಭಾವನಾವಿರಹವು ತಲೆಯೆತ್ತುತ್ತದೆ. ಅಜ್ಜಿಯ ದರ್ಶನವನ್ನು ನಂಬಿದ ಓದುಗನೇ ಅವಳ ಉಪನ್ಯಾಸವನ್ನು ನಂಬಲಾರ. ಅಸಂಭವವನ್ನು ಸಹಿಸುವ ಮನಸ್ಸು ಅನೌಚಿತ್ಯವನ್ನು ಸಹಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಈ ರೀತಿ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಎಚ್. ಜಿ. ವೆಲ್ಸನು ೧೮೯೮ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳಗ್ರಹದವರನ್ನು ಇಳಿಸಿದುದು ತಾನು ವಾಸವಾಗಿದ್ದ ವೋಕಿಂಗ್ ಪಟ್ಟಣದ ಬಯಲಿಗೆ. ಆದರೆ ಕಥೆಯ ಜೀವವಿರುವುದು ಆ ಬೀದಿಗಳ ವಿವರದಲ್ಲಿಯಲ್ಲ. ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಐರೋಪ್ಯರು ಮಾಡಿದುದನ್ನು ಆತನು ಮೊದಲ ಅಧ್ಯಾಯದಲ್ಲಿಯೇ ನೆನೆದು, ಅದೇ ನಮಗೆ ಆದರೆ ಹೇಗೆಂಬ ಪ್ರಶ್ನೆಯನ್ನು ಎತ್ತಿದನು. ಘಟ್ಟದ ಮೇಲಣ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಬರೆದ ‘ಕರ್ವಾಲೊ’ (೧೯೮೦) ಇದಕ್ಕೆ ಸಮೀಪದ ಉದಾಹರಣೆ. ಹಾರುವ ಓತಿಯೊಂದನ್ನು ಅರಸಿ ಹೊರಟ ವಿಜ್ಞಾನಿಗೆ ಅಲ್ಲಿ ದಾರಿ ತೋರುವವನು ಹಳ್ಳಿಯವರು ದಡ್ಡನೆಂದು ತಳ್ಳಿಹಾಕಿದ ಮಂದಣ್ಣ. ಜ್ಞಾನವು ಯಾರ ಸ್ವತ್ತೆಂಬ ಪ್ರಶ್ನೆ ಓತಿಯನ್ನು ಬರಿಯ ಕುತೂಹಲದ ವಸ್ತುವಾಗದಂತೆ ಕಾಯುತ್ತದೆ.

ಇನ್ನು ಈಚಿನ ಪರಿಸ್ಥಿತಿಯನ್ನು ನೋಡಬೇಕು. ಕುಂದಾಪುರ ಸೀಮೆಯ ಕೆರಾಡಿಯವರಾದ ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ‘ಕಾಂತಾರ’ ಚಲನಚಿತ್ರವು ೨೦೨೨ರಲ್ಲಿ ತೆರೆಕಂಡ ಬಳಿಕ ತುಳುನಾಡಿನ ದೈವಾರಾಧನೆ ದೇಶವ್ಯಾಪಿ ಕುತೂಹಲದ ವಸ್ತುವಾಯಿತು. ಆ ಚಿತ್ರಕ್ಕೆ ಪ್ರಶ್ನೆಯೊಂದು ಇದ್ದಿತೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ೧೮೪೭ರಲ್ಲಿ ಅರಸನು ಜನರಿಗೆ ಬಿಟ್ಟುಕೊಟ್ಟ ಭೂಮಿ ಯಾರದು, ದೈವದ ಮಾತಿಗೆ ಕಾಗದಪತ್ರಗಳ ಎದುರು ಬೆಲೆಯೆಷ್ಟು ಎಂಬುದು ಅದರ ಬೀಜ. ಆದರೆ ಕೊನೆಯಲ್ಲಿ ದೈವದ ಆವೇಶವು ಭೂಮಾಲಿಕನನ್ನು ಕೊಂದು, ಅಧಿಕಾರಿಯ ಕೈಯನ್ನು ಊರವರ ಕೈಗಳೊಡನೆ ಸೇರಿಸಿ, ಕಥೆಯನ್ನು ಮುಗಿಸಿಬಿಡುತ್ತದೆ. ನಾವು ಮೊದಲು ಇಟ್ಟುಕೊಂಡ ಒರೆಗಲ್ಲಿಗೆ ಇದನ್ನು ತಿಕ್ಕಿ ನೋಡಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಪಾಡ್ದನವು ಕಡಿದ ಕೈಯನ್ನು ಕಡಿದಂತೆಯೇ ಬಿಟ್ಟಿತು. ಚಿತ್ರವು ಕಳೆದ ಭೂಮಿಯ ಸಾಲವನ್ನು ಅದ್ಭುತದಿಂದಲೇ ತೀರಿಸಿತು. ಪ್ರೇಕ್ಷಕನು ತೃಪ್ತನಾಗಿ ಎದ್ದನು. ಪ್ರಶ್ನೆಯನ್ನು ಮನೆಗೆ ಕೊಂಡೊಯ್ಯಲಿಲ್ಲ. ಆತನು ಕೊಂಡೊಯ್ದುದು ವೇಷವನ್ನೂ ಕೂಗನ್ನೂ. ದೈವವನ್ನು ಅನುಕರಿಸಬೇಡಿರೆಂದು ಚಿತ್ರದವರೇ ಪ್ರೇಕ್ಷಕರನ್ನು ಕೋರಬೇಕಾಗಿ ಬಂದುದನ್ನು ಇಲ್ಲಿ ನೆನೆಯಬಹುದು.

ಇದರಲ್ಲಿ ಕೇವಲ ಶಿಲ್ಪದ ಪ್ರಶ್ನೆ ಮಾತ್ರವಿಲ್ಲ. ದೈವದ ವೇಷವನ್ನು ಧರಿಸುವವರು ಪಂಬದ, ಪರವ, ನಲಿಕೆ ಮೊದಲಾದ ಸಮುದಾಯಗಳಿಗೆ ಸೇರಿದವರು; ಬಹುಕಾಲ ಗುತ್ತಿನ ಮನೆಯ ಅಂಗಳದಾಚೆ ನಿಲ್ಲಬೇಕಾದವರು. ಕೋಲದ ರಾತ್ರಿಯಲ್ಲಿ ಅವರ ಬಾಯಿಂದ ಬಂದ ನುಡಿಗೆ ಗುತ್ತಿನ ಯಜಮಾನನೂ ಕೈಮುಗಿಯಬೇಕು. ಬೆಳಗಾದ ಮೇಲೆ ಇಬ್ಬರೂ ತಮ್ಮ ತಮ್ಮ ಸ್ಥಾನಕ್ಕೆ ಮರಳುತ್ತಾರೆ. ನಂದಳಿಕೆಯ ಸಿರಿಜಾತ್ರೆಯಲ್ಲಿ ಸಿರಿಯ ಆವೇಶವನ್ನು ಪಡೆದ ಹೆಂಗಸರು ಸಿರಿ, ಅಬ್ಬಗ, ದಾರಗ ಎಂಬ ಹೆಸರುಗಳಲ್ಲಿ ತಮ್ಮ ಸಂಸಾರದ ಅಳಲನ್ನು ಹೇಳಿಕೊಳ್ಳುತ್ತಾರೆ. ಗಂಡನ ಮನೆಯನ್ನು ತೊರೆದು ಹೊರಟ ಸಿರಿಯ ಕಥೆ ಅವರಿಗೆ ಕಥೆಯಷ್ಟೇ ಅಲ್ಲ, ಮಾತಾಡಲು ದೊರೆತ ಅನುಮತಿ. ಎಂದರೆ ಈ ಆಚರಣೆಗಳು ತಾವೇ ಒಂದು ಬಗೆಯ ಊಹಾಕಥನಗಳು: ಈ ಲೋಕದ ಏರ್ಪಾಡು ಹೀಗಿಲ್ಲದಿದ್ದರೆ ಹೇಗಿದ್ದೀತೆಂಬುದನ್ನು ಒಂದು ರಾತ್ರಿಯ ಮಟ್ಟಿಗೆ ಕಾಣಿಸುವಂತಹವು. ಅವುಗಳಿಂದ ದೀವಟಿಗೆ, ಅಣಿ, ಬಣ್ಣಗಳನ್ನಷ್ಟೇ ಎತ್ತಿಕೊಂಡ ಲೇಖಕನು ಬೀಜವನ್ನು ಬಿಟ್ಟು ಸಿಪ್ಪೆಯನ್ನು ಕೊಂಡೊಯ್ದಂತಾಗುತ್ತದೆ. ಜೊತೆಗೆ, ಮಾತಿಗೆ ಅದೊಂದೇ ಎಡೆಯಾಗಿದ್ದವರ ಎಡೆಯನ್ನು ಪ್ರದರ್ಶನವನ್ನಾಗಿ ಮಾಡಿದಂತಾಗುತ್ತದೆ.

ಆಚರಣೆಯನ್ನು ಅಭ್ಯಾಸ ಮಾಡದೆ ಬಳಸಬಾರದೆಂಬುದಕ್ಕೆ ಕಾಪುವಿನ ಪಿಲಿಕೋಲವು ಇನ್ನೊಂದು ಸಾಕ್ಷಿ. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಕೋಲದಲ್ಲಿ ಹುಲಿಯಾದವನು ಜನರನ್ನು ಅಟ್ಟಿಕೊಂಡು ಓಡುತ್ತಾನೆ. ಅವನು ಮುಟ್ಟಿದವರಿಗೆ ಕೇಡೆಂಬುದು ನಂಬಿಕೆ. ನೋಡುವವನಿಗೆ ಭಯವೂ ಗದ್ದಲವೂ ಕಾಣುತ್ತದೆ. ಆದರೆ ಅದರ ಅದ್ಭುತವೆಲ್ಲ ನಿಯಮಬದ್ಧವಾದುದು: ಯಾರು ವೇಷ ಕಟ್ಟಬೇಕು, ಎಲ್ಲಿ ಬಣ್ಣ ಹಚ್ಚಬೇಕು, ಎಲ್ಲಿಂದ ಹೊರಡಬೇಕು ಎಂಬುದೆಲ್ಲ ಕಟ್ಟಳೆಯಾಗಿ ನಿಂತಿದೆ. ನಿಯಮವಿಲ್ಲದ ಅದ್ಭುತದಲ್ಲಿ ಏನು ಬೇಕಾದರೂ ಆಗಬಹುದಾದುದರಿಂದ ಯಾವುದಕ್ಕೂ ಬೆಲೆಯಿರುವುದಿಲ್ಲ. ಅದೇ ಕಾಪುವಿನ ಕಡಲ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಹುಲಿಯ ಸ್ಪರ್ಶವನ್ನು ಅಂಜುವ ಊರಿನ ಮೀನುಗಾರನು ದೀಪದ ಲೆಕ್ಕವನ್ನೂ ಬಲ್ಲನು. ಎರಡಕ್ಕೂ ಒಂದೇ ಮನಸ್ಸಿನಲ್ಲಿ ಎಡೆಯಿದೆ.

ಈ ಸಹವಾಸವು ಮಣಿಪಾಲದಲ್ಲಿ ಇನ್ನೂ ಎದ್ದು ಕಾಣುತ್ತದೆ. ಉಡುಪಿಗೆ ಕೆಲವೇ ಮೈಲಿ ದೂರದ ಆ ಮುರಕಲ್ಲಿನ ಗುಡ್ಡದ ಮೇಲೆ ೧೯೫೩ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಪ್ರಯೋಗಾಲಯ, ಶಸ್ತ್ರಚಿಕಿತ್ಸೆ, ಯಂತ್ರವಿದ್ಯೆ ಒಂದು ಕಡೆ; ಇಳಿಜಾರಿನ ತೋಟಗಳಲ್ಲಿ ನಾಗಬನ, ದೈವದ ಗುಡಿ ಇನ್ನೊಂದು ಕಡೆ. ಭವಿಷ್ಯದ ಕಥೆಯನ್ನು ಬರೆಯುವ ನಮ್ಮ ವಿದ್ಯಾರ್ಥಿ ಅದನ್ನು ಅಮೆರಿಕದ ಯಾವುದೋ ಪ್ರಯೋಗಾಲಯದಲ್ಲಿ ನಡೆಸುವುದು ಸೋಜಿಗವೇ ಸರಿ. ಅಂಗಾಂಗಗಳನ್ನು ಒಬ್ಬರಿಂದೊಬ್ಬರಿಗೆ ಕಸಿಮಾಡುವ ಕಾಲದಲ್ಲಿ ಮಡಿಮೈಲಿಗೆಯ ಶಾಸ್ತ್ರವು ಏನಾಗುತ್ತದೆ? ಯಂತ್ರವೇ ನುಡಿಕೊಡತೊಡಗಿದರೆ ಕೋಲದ ನುಡಿಗೆ ಕೈಮುಗಿದ ಯಜಮಾನನು ಅದಕ್ಕೂ ಮುಗಿಯುವನೇ? ಕಲ್ಲುಕುಟಿಗನ ಕೈಚಳಕವನ್ನು ಯಂತ್ರವು ಕಲಿತುಕೊಂಡ ಮೇಲೆ ಅವನ ಕೈಯನ್ನು ಕಡಿಯುವ ಅಗತ್ಯ ಅರಸನಿಗೆ ಉಳಿಯುವುದೇ? ಇಂತಹ ಪ್ರಶ್ನೆಗಳಿಗಾಗಿ ದೂರ ಹೋಗಬೇಕಾಗಿಲ್ಲ.

ಬೇಕಾದ ಸಾಮಗ್ರಿಯೂ ಸಿದ್ಧವಾಗಿದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ೧೯೮೮ರಿಂದ ೧೯೯೭ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ಪದಗಳೊಡನೆ ಒಂದು ಜೀವನಕ್ರಮವನ್ನೇ ಕೂಡಿಡುತ್ತದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ವಿದ್ವಾಂಸರೊಡನೆ ೧೯೯೦ರಲ್ಲಿ ಗೋಪಾಲ ನಾಯ್ಕರಿಂದ ಧ್ವನಿಮುದ್ರಿಸಿಕೊಂಡ ಸಿರಿಸಂಧಿಯು ೧೫,೬೮೩ ಸಾಲುಗಳ ಮಹಾಕಾವ್ಯವಾಗಿ ೧೯೯೮ರಲ್ಲಿ ಪ್ರಕಟವಾಯಿತು. ಆದರೆ ಇವುಗಳಿಂದ ಹೆಸರುಗಳನ್ನೂ ವೇಷಗಳನ್ನೂ ಆರಿಸಿಕೊಳ್ಳುವುದು ಸುಲಭ; ಸಿರಿಯು ಏಕೆ ಮನೆಬಿಟ್ಟು ಹೊರಟಳೆಂಬುದನ್ನು ಕೇಳುತ್ತ ಅಷ್ಟು ಸಾಲುಗಳನ್ನೂ ಓದಿ ಮುಗಿಸುವುದು ಕಷ್ಟ. ಊಹಾಕಥೆಗಾರನ ವ್ಯಾಸಂಗವೆಂದರೆ ಈ ಎರಡನೆಯದು.

ಒಟ್ಟಿನ ಮೇಲೆ ನಮ್ಮ ನಿರ್ಣಯವಿಷ್ಟು. ಊಹಾಕಥನದಲ್ಲಿ ಲೋಕಾನುಭವವು ಮೂರು ರೀತಿಗಳಲ್ಲಿ ಕೆಲಸ ಮಾಡುತ್ತದೆ: ಕಲ್ಕುಡನ ಪಾಡ್ದನದಲ್ಲಿ ಪ್ರಶ್ನೆಯಾಗಿ, ಮುದ್ದಣನಲ್ಲಿ ಪರೀಕ್ಷಕನಾಗಿ, ಕಾರಂತರಲ್ಲಿ ಅದ್ಭುತವನ್ನು ಮಿತಿಯೊಳಗೆ ಇರಿಸುವ ಅಂಕೆಯಾಗಿ. ಮೂರರಲ್ಲಿ ಮೊದಲನೆಯದಿಲ್ಲದೆ ಉಳಿದೆರಡಕ್ಕೆ ಬೆಲೆಯಿಲ್ಲ. ತರಗತಿಯಲ್ಲಿ ಇಂತಹ ಕಥೆಗಳನ್ನು ಪಾಠ ಹೇಳುವ ಅಧ್ಯಾಪಕರು, ಇದು ನಡೆದೀತೇ ಎಂಬ ಪ್ರಶ್ನೆಯಿಂದ ಆರಂಭಿಸುವ ಬದಲು, ಇದನ್ನು ಕಲ್ಪಿಸಿಕೊಳ್ಳಬೇಕಾದ ಅವಶ್ಯಕತೆ ಯಾರಿಗೆ ಒದಗಿತ್ತು ಎಂಬ ಪ್ರಶ್ನೆಯಿಂದ ಆರಂಭಿಸುವುದಾದರೆ, ಅದ್ಭುತವನ್ನು ಬಾಲಿಶವೆಂದು ತಳ್ಳುವ ಓದೂ ಅದನ್ನು ಬೆರಗಿನಿಂದ ನುಂಗುವ ಓದೂ ಎರಡೂ ತಪ್ಪುತ್ತವೆಯೆಂದು ನಾವು ಭಾವಿಸುತ್ತೇವೆ.